ಕಂಬಳಿ ಜಾತ್ರೆಗೆ ಹೋಗಲಿ, ಬೆಲೆ ಮನೆಗೆ ಬರಲಿ
(ಬೆಳ್ಳಿ ಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಆಡಳಿತ ಮಂಡಳಿಯ ಪರವಾಗಿ ಎರಡು ಮಾತು ಹೇಳಲು ಅವಕಾಶ ಸಿಕ್ಕಿದ್ದು ನಮ್ಮ ಭಾಗ್ಯ. ಬೀಜ, ಗೊಬ್ಬರ, ಬೆಳೆ ಸಾಲದ ವಿಷಯ ನಮಗಿಂತ ಮೊದಲು ಮಾತಾಡಿದವರು ಹೇಳಿದ್ದಾರೆ. ನಾವು ಹೇಳಬೇಕೆಂದಿರುವುದು ಕಂಬಳಿ ಮಾರಾಟದ ವಿಷಯ.

"ರೈತರ ಸಂಘಕ್ಕೂ ಕಂಬಳಿಗೂ ಏನ್ರಿ ಸಂಬಂಧ?" ಅಂತ ಕೆಲವರು ಕೇಳ್ತಾರೆ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಯಾಕೆ? ರೈತ ಸಾಹುಕಾರನ ಕೈಗೆ ಸಿಕ್ಕಿ ನರಳುತ್ತಿದ್ದ, ಅದಕ್ಕೆ. ಇವತ್ತು ನಮ್ಮ ಚಳ್ಳಕೆರೆ ಸೀಮೆಯಲ್ಲಿ ಕಂಬಳಿ ನೇಯುವವನ ಪಾಡು ಅದೇ ಆಗಿದೆ. ಮಳೆಗಾಲದಲ್ಲಿ ಉಣ್ಣೆಗೆ ದುಡ್ಡಿಲ್ಲ ಅಂತ ವ್ಯಾಪಾರಿ ಹತ್ತಿರ ಮುಂಗಡ ತರುತ್ತಾನೆ. ತಂದ ಮೇಲೆ ಬೆಲೆ ಕಟ್ಟುವವನು ವ್ಯಾಪಾರಿಯೇ.

ಒಂದು ಕಂಬಳಿಯ ಹಿಂದೆ ಎಷ್ಟು ಕೆಲಸ ಇದೆ ನೋಡಿ. ಕುರಿ ಉಣ್ಣೆ ಕತ್ತರಿಸಬೇಕು, ಹಿಂಜಬೇಕು, ಹೆಣ್ಣುಮಕ್ಕಳು ರಾಟೆಯಲ್ಲಿ ನೂಲಬೇಕು, ಹುಣಸೆ ಬೀಜದ ಗಂಜಿ ಹಾಕಿ ಹಾಸು ಬಿಗಿ ಮಾಡಬೇಕು, ಆಮೇಲೆ ಗುಂಡಿಮಗ್ಗದಲ್ಲಿ ಕೂತು ನೇಯಬೇಕು. ಈಗ ಉದಾಹರಣೆಗೆ ಒಂದು ಲೆಕ್ಕ ಹಾಕೋಣ. ಉಣ್ಣೆ ಮತ್ತು ಹಿಂಜುವ ಖರ್ಚು 600 ರೂಪಾಯಿ ಇರಲಿ. ನೂಲುವುದು, ನೇಯುವುದು ಸೇರಿ ಆರು ಆಳಿನ ಕೆಲಸ, ಆಳಿಗೆ 300ರಂತೆ 1,800. ಜಾತ್ರೆಗೆ ಒಯ್ಯುವ ಖರ್ಚು, ಜಾಗದ ಬಾಡಿಗೆ 100. ಒಟ್ಟು 2,500 ಆಯಿತು. ಅದೇ ಕಂಬಳಿಯನ್ನು ಮನೆ ಬಾಗಿಲಲ್ಲಿ 1,500ಕ್ಕೆ ಕೊಟ್ಟರೆ ಉಣ್ಣೆ ಖರ್ಚು ಕಳೆದು ಉಳಿಯುವುದು 900. ಆಳಿಗೆ ಬಿದ್ದದ್ದು 150 ರೂಪಾಯಿ! ಕೂಲಿಗೆ ಹೋದವನೇ ವಾಸಿ ಅಂತ ನಮ್ಮ ಹುಡುಗರು ಮಗ್ಗ ಬಿಟ್ಟು ಬೆಂಗಳೂರು ಬಸ್ಸು ಹತ್ತುತ್ತಾರೆ. ಅವರನ್ನು ಬೈದು ಏನು ಪ್ರಯೋಜನ?

ಮನೆಯ ಹೆಂಗಸರ ಕೂಲಿಯನ್ನು ಲೆಕ್ಕಕ್ಕೇ ಹಿಡಿಯದ ಪದ್ಧತಿ ಮೊದಲು ಹೋಗಬೇಕು. ನೂಲಿದ ದಿನವೂ ದುಡಿದ ದಿನವೇ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ ಹೆಸರಿನಲ್ಲಿ "ಮಾಡಿದಷ್ಟು ನೀಡು ಭಿಕ್ಷೆ" ಎಂಬ ಮಾತು ನಮ್ಮ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ಜಾತ್ರೆಯಲ್ಲಿ ಬೆಲೆ ಹೇಳುವಾಗ ಆ ಮಾತು ನೆನಪಿರಲಿ.

ಜಾತ್ರೆ, ಸಂತೆಯಲ್ಲಿ ಮಾರುವುದಕ್ಕೂ ಒಂದು ರೀತಿ ಇದೆ. ಕಳೆದ ಜಾತ್ರೆಯಲ್ಲಿ ನಮ್ಮೂರಿನ ನಾಲ್ಕು ಮನೆಯವರು ಸೇರಿ ಒಂದೇ ಅಂಗಡಿ ಹಾಕಿದ್ದರು. ಬಾಡಿಗೆ ಹಂಚಿಹೋಯಿತು. ಒಬ್ಬರು ಊಟಕ್ಕೆ ಹೋದರೆ ಇನ್ನೊಬ್ಬರು ಕೂತರು. ಅದಕ್ಕಿಂತ ಮುಖ್ಯ ಅಂದರೆ, ಪಕ್ಕಪಕ್ಕದಲ್ಲೇ ಕೂತು ಒಬ್ಬರ ಬೆಲೆ ಒಬ್ಬರು ಇಳಿಸುವ ಪೈಪೋಟಿ ನಿಂತಿತು. ಇದೇ ಸಹಕಾರ.

ಎದುರಿಗೆ ಗಿರಣಿ ಹೊದಿಕೆ ಕಡಿಮೆ ಬೆಲೆಗೆ ಸಿಗುವಾಗ ಗಿರಾಕಿ ನಮ್ಮದನ್ನು ಯಾಕೆ ಕೊಳ್ಳಬೇಕು? ಬಾಯಲ್ಲಿ ಹೇಳಿದರೆ ಸಾಲದು, ತೋರಿಸಬೇಕು. ಒಂದು ಎಳೆ ಕಿತ್ತು ಬೆಂಕಿ ಮುಟ್ಟಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಪ್ಲಾಸ್ಟಿಕ್ ಥರ ಕರಗಿ ಗಟ್ಟಿ ಗುಂಡಾಗುತ್ತದೆ. ನೋಡಿದ ಗಿರಾಕಿ ತಾನೇ ನಾಲ್ಕು ಜನಕ್ಕೆ ಹೇಳ್ತಾನೆ. ಆದರೆ ನಾವೂ ಉಣ್ಣೆ ಎಂದು ಹೇಳಿ ಬೆರಕೆ ನೂಲು ಸೇರಿಸಬಾರದು. ಒಬ್ಬರು ಮಾಡಿದ ಮೋಸಕ್ಕೆ ಇಡೀ ಊರಿನ ಕಂಬಳಿ ಹೆಸರು ಕೆಡುತ್ತದೆ. ತೂಕ, ಅಳತೆ, ಬೆಲೆ ಬರೆದ ಚೀಟಿ ಹೊಲಿಯಿರಿ. ಸುಂಕ ಕಟ್ಟಿದರೆ ರಸೀತಿ ಕೇಳಿ. ಈಗ ಜಾತ್ರೆಗೆ ಬರುವವರ ಜೇಬಿನಲ್ಲಿ ನೋಟಿಗಿಂತ ಫೋನ್ ಇರುತ್ತದೆ, ಆದ್ದರಿಂದ ಸ್ಕ್ಯಾನ್ ಮಾಡುವ ಹಲಗೆಯೂ ಅಂಗಡಿ ಮುಂದೆ ಇರಲಿ.

ಬುಟ್ಟಿ ಹೆಣೆಯುವ, ಮಡಕೆ ಮಾಡುವ ನಮ್ಮ ಸದಸ್ಯರಿಗೂ ಒಂದು ಮಾತು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ನಿಮ್ಮ ಕಸುಬು ಸೇರಿದೆ. ಮೊದಲ ಕಂತು ಒಂದು ಲಕ್ಷದವರೆಗೆ, ನಿಮಗೆ ಬೀಳುವ ಬಡ್ಡಿ ಶೇಕಡ 5. ಆ ಪಟ್ಟಿಯಲ್ಲಿ ಕಂಬಳಿ ನೇಕಾರರಿಲ್ಲ. ಹಾಗಾಗಿ ಅವರ ಕೈ ಹಿಡಿಯುವ ಕೆಲಸ ನಮ್ಮ ಸಂಘದ್ದೇ.

ನಮ್ಮ ಸಲಹೆ ಇಷ್ಟೇ. ಶೇಂಗಾ ದರ ಬಿದ್ದಾಗ ಚೀಲ ಗೋದಾಮಿನಲ್ಲಿಟ್ಟು ಅಡಮಾನ ಸಾಲ ಪಡೆಯುವುದು ರೈತರಿಗೆ ಗೊತ್ತಿರುವ ದಾರಿ. ಕಂಬಳಿಗೂ ಹಾಗೇ ಮಾಡೋಣ. ತೂಗಿ, ಗುರುತು ಹಾಕಿ ಒಳಗಿಟ್ಟುಕೊಂಡು ಬೆಲೆಯ ಅರ್ಧದಷ್ಟು ಮುಂಗಡ ಕೊಡೋಣ. ಜಾತ್ರೆಯಲ್ಲಿ ಮಾರಿದ ಮೇಲೆ ಸಾಲ ಮುರಿದುಕೊಂಡು ಉಳಿದದ್ದನ್ನು ಸದಸ್ಯರ ಖಾತೆಗೆ ಹಾಕೋಣ. "ಮಾರದೆ ಉಳಿದರೆ ಯಾರ ಮೈಮೇಲೆ?" ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೇ ಅರ್ಧ ಮಾತ್ರ, ಮನೆಗೆ ಇಂತಿಷ್ಟೇ ಎಂಬ ಮಿತಿಯೂ ಇರಬೇಕು. ನುಸಿ ಹತ್ತದಂತೆ ಆಗಾಗ ಬಿಸಿಲಿಗೆ ಹಾಕಿ ಒಣಗಿಸಬೇಕು. ಬೈಲಾದಲ್ಲಿ ಅವಕಾಶವಿಲ್ಲದಿದ್ದರೆ ಮಹಾಸಭೆಯಲ್ಲಿ ತಿದ್ದುಪಡಿ ಮಾಡಿ ನಿಬಂಧಕರ ಒಪ್ಪಿಗೆ ಪಡೆಯೋಣ.

ಊರಿನಲ್ಲಿ ಮಗ್ಗದ ಸದ್ದು ಕೇಳುವ ಮನೆಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ನಿಂತ ಮಗ್ಗವನ್ನು ಮತ್ತೆ ಹೂಡುವುದು ಸುಲಭವಲ್ಲ. ಮುಂದಿನ ಮಹಾಸಭೆಯಲ್ಲಿ ಈ ವಿಷಯ ಬಂದಾಗ ತಾವೆಲ್ಲರೂ ಕೈ ಎತ್ತಬೇಕೆಂದು ವಿನಂತಿಸಿಕೊಳ್ಳುತ್ತೇವೆ.

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.