ವಿಮಾನ ನಿಲ್ದಾಣದ ನಮ್ಮ ತಾತ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಇಲ್ಲಿ ನಿಂತು ಮಾತಾಡಬೇಕಾಗಿದ್ದವರು ನಮ್ಮ ತಾತ. ಈ ಶಾಲೆಯ ಮೊದಲ ತಂಡದ ವಿದ್ಯಾರ್ಥಿ. ಎರಡು ತಿಂಗಳ ಹಿಂದೆ ತೀರಿಕೊಂಡರು. ಅವರ ಬದಲಿಗೆ ಮೊಮ್ಮಗಳು ನಾನು ಬಂದಿದ್ದೇನೆ. ನಾನೂ ಇದೇ ಶಾಲೆಯಲ್ಲಿ ಓದಿದವಳು.

ತಾತ ವಿಮಾನ ಓಡಿಸುತ್ತಿದ್ದರು ಅಂತ ಊರಲ್ಲಿ ಈಗಲೂ ಹೇಳುವವರಿದ್ದಾರೆ. "ನಾನು ಓಡಿಸೋನಲ್ಲಪ್ಪ, ಒಂದಕ್ಕೊಂದು ತಾಗದ ಹಾಗೆ ನೋಡ್ಕೊಳ್ಳೋನು" ಅಂತ ಅರಳಿಕಟ್ಟೆಯಲ್ಲಿ ಎಷ್ಟು ಸಲ ಹೇಳಿದರೋ! ಅವರು ಏರ್ ಟ್ರಾಫಿಕ್ ಕಂಟ್ರೋಲರ್. ಬಿ.ಎಸ್ಸಿ. ಮುಗಿಸಿ, ಅಲಹಾಬಾದಿನಲ್ಲಿ ತರಬೇತಿ ಪಡೆದು, ಹೆಚ್ಚು ವರ್ಷ ಮದರಾಸಿನ ಮೀನಂಬಾಕ್ಕಂನಲ್ಲಿದ್ದರು.

ಕನ್ನಡ ಮಾಧ್ಯಮದ ಹುಡುಗನಿಗೆ ಇಂಗ್ಲಿಷಿನ ಭಯ ಇದ್ದೇ ಇತ್ತು. ಆದರೆ ರೇಡಿಯೋದಲ್ಲಿ ಚೆಂದದ ಇಂಗ್ಲಿಷ್ ಬೇಕಿಲ್ಲ, ಸ್ಪಷ್ಟವಾಗಿ ಕೇಳಿಸಿದರೆ ಸಾಕು. ಫೈವ್, ನೈನ್ ಒಂದೇ ಥರ ಕಿವಿಗೆ ಬೀಳಬಾರದೆಂದು ನೈನ್ ಅನ್ನು ನೈನರ್ ಅನ್ನಬೇಕು. ನಿವೃತ್ತಿಯಾದ ಮೇಲೂ ಅಂಗಡಿಯಲ್ಲಿ ಫೋನ್ ನಂಬರ್ ಕೊಡುವಾಗ ಇವರದು "ನೈನರ್"! ಪಕ್ಕದಲ್ಲಿ ನಿಂತ ನನಗೆ ನಾಚಿಕೆ.

ಎಷ್ಟು ಎತ್ತರ ಅಂತ ಹೇಳಿದರೆ ಪೈಲಟ್ ಅದನ್ನು ತಿರುಗಿ ಹೇಳಬೇಕು. ಬರೀ "ಹೂಂ" ನಡೆಯುವುದಿಲ್ಲ. ಮನೆಯಲ್ಲೂ ಇದೇ ಕಾನೂನು. ಹಾಲು, ಮೊಸರು ತರಲು ಕಳಿಸಿದರೂ ತಿರುಗಿ ಒಪ್ಪಿಸಿಯೇ ಹೋಗಬೇಕಿತ್ತು.

1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತರು. ದೆಹಲಿಯಿಂದ ಹೊರಟು ಏರುತ್ತಿದ್ದ ಸೌದಿ ವಿಮಾನಕ್ಕೆ 14,000 ಅಡಿ, ಇಳಿಯುತ್ತಿದ್ದ ಕಜಕಸ್ತಾನದ ವಿಮಾನಕ್ಕೆ 15,000 ಅಡಿ ಎಂದು ಹೇಳಲಾಗಿತ್ತು. ನಡುವೆ ಸಾವಿರ ಅಡಿ. ಇಳಿಯುತ್ತಿದ್ದದ್ದು ಇನ್ನೂ ಕೆಳಗೆ ಬಂದುಬಿಟ್ಟಿತು. ಆಗಿನ ದೆಹಲಿ ರೇಡಾರ್‌ನಲ್ಲಿ ಎತ್ತರ ಕಾಣುತ್ತಿರಲಿಲ್ಲ, ಪೈಲಟ್ ಹೇಳಿದ್ದೇ ಲೆಕ್ಕ. ಮದರಾಸಿನಲ್ಲಿದ್ದ ತಾತ ಆ ರಾತ್ರಿ ಊಟ ಬಿಟ್ಟು ಕೂತಿದ್ದರಂತೆ. "ಆ ಕುರ್ಚೀಲಿ ಕೂತಿದ್ದವನು ಹೇಳಿದ್ದು ಸರಿಯಾಗೇ ಇತ್ತಮ್ಮ" ಅಂತ ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದಾರೆ. ಅಷ್ಟು ಹೇಳಿ ಸುಮ್ಮನಾಗುತ್ತಿದ್ದರು.

ಅವರ ಕೆಲಸದ ಭಾರ ಮನೆಯವರ ಮೇಲೂ ಬಿತ್ತು. ರಾತ್ರಿ ಪಾಳಿ, ಹಬ್ಬದ ದಿನವೂ ಡ್ಯೂಟಿ. "ಅಪ್ಪ ಅಂದ್ರೆ ನಮಗೆ ಹಗಲು ಮಲಗಿರೋ ಮನುಷ್ಯ, ಸದ್ದು ಮಾಡೋ ಹಾಗಿಲ್ಲ" ಅಂತ ನಮ್ಮಮ್ಮ ಈಗಲೂ ಹೇಳುತ್ತಾರೆ. ನನಗೆ ಸಿಕ್ಕ ತಾತನೇ ಬೇರೆ. ದಿನಾ ಸ್ಕೂಟರಿನಲ್ಲಿ ಈ ಗೇಟಿನವರೆಗೆ ಬಿಟ್ಟವರು, ಸಂಜೆ ಲೆಕ್ಕ ಹೇಳಿಕೊಟ್ಟವರು. ಅದನ್ನು ನೋಡಿ ಅಮ್ಮನಿಗೆ ಸಂತೋಷವೂ ಇತ್ತು, ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು. ತಪ್ಪೇನಿಲ್ಲ ಬಿಡಿ.

ಆಸ್ಪತ್ರೆಯಲ್ಲಿದ್ದಾಗ ಈ ಸಮಾರಂಭದ ಮಾತು ಬಂತು. "ನಾನು ಬರೋದು ಅನುಮಾನ. ನೀನು ಹೋಗು. ಐದು ನಿಮಿಷಕ್ಕಿಂತ ಜಾಸ್ತಿ ಮಾತಾಡಬೇಡ" ಅಂದರು. ಅಳು ತಡೆದುಕೊಂಡು "ಹೂಂ" ಅಂದೆ.

"ಹೂಂ ಅಲ್ಲ. ಏನು ಹೇಳಿದೆ, ಹೇಳು."

"ಐದು ನಿಮಿಷ, ತಾತ."

"ಸರಿ" ಅಂದು ಕಣ್ಣು ಮುಚ್ಚಿದರು.

ಐದು ನಿಮಿಷ ಆಯಿತು.