ಮೇಷ್ಟ್ರಿಗೆ ಆಶೀರ್ವಾದ, ಜೊತೆಗೆ ರೊಟ್ಟಿ

ಸೆಪ್ಟೆಂಬರ್ 5ರ ಆಸುಪಾಸಿನ ಭಾನುವಾರ ನಮ್ಮ ಕಡೆಯ ಎಷ್ಟೋ ಚರ್ಚುಗಳಲ್ಲಿ ಮೇಷ್ಟ್ರುಗಳನ್ನೂ ಟೀಚರುಗಳನ್ನೂ ಮುಂದಕ್ಕೆ ಕರೆದು ನಿಲ್ಲಿಸುತ್ತಾರೆ. ಪಾದ್ರಿಗಳು ಕೈಯೆತ್ತಿ ಹರಸುತ್ತಾರೆ. ಒಂದು ಹೂವೋ ಪೆನ್ನೋ ಸಿಗುತ್ತದೆ. ಈ ಆಶೀರ್ವಾದಕ್ಕೆ ಹಳೆಯ ಚರಿತ್ರೆಯಿದೆ. ಅದರ ನಡುವೆ ಮೇಷ್ಟ್ರುಗಳು ತಿರುಗಿ ಮಾತಾಡಿದ ಒಂದು ಪ್ರಸಂಗವೂ ಇದೆ.

ಬೈಬಲ್ಲಿನಲ್ಲಿ ಬೋಧಕರಿಗೆ ಮರ್ಯಾದೆಯೂ ಉಂಟು, ಎಚ್ಚರಿಕೆಯೂ ಉಂಟು. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯಲ್ಲಿ ಅಪೊಸ್ತಲರು, ಪ್ರವಾದಿಗಳು ಆದಮೇಲೆ ಮೂರನೆಯ ಸ್ಥಾನವನ್ನು ಪೌಲ ಬೋಧಕರಿಗೆ ಕೊಡುತ್ತಾನೆ. ಯಾಕೋಬನ ಪತ್ರಿಕೆಯೋ, ಆ ಕೆಲಸಕ್ಕೆ ಬಹಳ ಮಂದಿ ಮುನ್ನುಗ್ಗಬೇಡಿ, ಬೋಧಕರಿಗೆ ತೀರ್ಪು ಬಿಗಿ ಎನ್ನುತ್ತದೆ. ಇದೆಲ್ಲ ಸಭೆಯ ಬೋಧಕರ ಮಾತು. ಅಕ್ಷರ ತಿದ್ದಿಸುವವರು ಆ ಸಾಲಿಗೆ ಬರಲು ಬಹಳ ಕಾಲ ಹಿಡಿಯಿತು. 1530ರಲ್ಲಿ ಮಾರ್ಟಿನ್ ಲೂಥರ್ ಮಕ್ಕಳನ್ನು ಶಾಲೆ ಬಿಡಿಸಬೇಡಿ ಎಂದು ಬರೆದ ಉಪದೇಶದಲ್ಲಿ, ತಮಗೆ ಪೀಠ ಬಿಡಬೇಕಾಗಿ ಬಂದರೆ ಶಾಲಾ ಮೇಷ್ಟ್ರ ಕೆಲಸವನ್ನೇ ಆರಿಸಿಕೊಳ್ಳುವುದಾಗಿ ಹೇಳಿದರು. ದೊಡ್ಡ ಮಾತೇ. ಆದರೆ ದೊಡ್ಡ ಮಾತಿಗೆ ಸಂಬಳ ಏರುವುದಿಲ್ಲವಲ್ಲ!

ನಾನು ಹೇಳಹೊರಟ ಪ್ರಸಂಗ ನಡೆದದ್ದು ಫ್ರಾನ್ಸಿನ ರೀಮ್ಸ್ ಪಟ್ಟಣದಲ್ಲಿ. 1679ರಲ್ಲಿ ಆದ್ರಿಯಾನ್ ನಿಯೆಲ್ ಎಂಬುವರು ಬಡ ಹುಡುಗರಿಗೆ ಶಾಲೆ ತೆರೆಯಲು ಅಲ್ಲಿಗೆ ಬಂದರು. ಅವರಿಗೆ ಕೈಜೋಡಿಸಿದವರು ಇನ್ನೂ ಮೂವತ್ತು ತುಂಬದ ಧರ್ಮಗುರು ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್. ಉಳ್ಳವರ ಮನೆತನ, ಕೆಥೆಡ್ರಲ್ಲಿನಲ್ಲಿ ವರಮಾನವಿದ್ದ ಕ್ಯಾನನ್ ಪದವಿ. ಶಾಲೆಗೆ ಸಿಕ್ಕ ಮೇಷ್ಟ್ರುಗಳೋ ಅರೆಬರೆ ಓದಿದವರು, ಒರಟರು. ಅವರನ್ನು ತಮ್ಮ ಮನೆಯ ಆಳಿಗಿಂತ ಕೆಳಗಿನವರೆಂದು ಎಣಿಸಿದ್ದಾಗಿ ಲಾ ಸಾಲರೇ ಮುಂದೆ ಬರೆದುಕೊಂಡಿದ್ದಾರೆ. ಆದರೂ ಮೊದಲು ಊಟಕ್ಕೆ, 1681ರಲ್ಲಿ ವಾಸಕ್ಕೇ ಅವರನ್ನು ಮನೆಗೆ ಕರೆತಂದರು. ನೆಂಟರಿಷ್ಟರು ಕೆರಳಿ ಕೆಂಡವಾದರು.

ಮೇಷ್ಟ್ರುಗಳಿಗೆ ನಾಳೆಯ ಚಿಂತೆ. ಶಾಲೆ ಮುಚ್ಚಿದರೆ, ಮುಪ್ಪು ಬಂದರೆ ಗತಿಯೇನು? ಲಾ ಸಾಲರು ದೇವರನ್ನು ನಂಬಿ, ಹಕ್ಕಿಗಳಿಗೆ ಉಣಿಸುವವನು ನಿಮ್ಮನ್ನು ಬಿಡುವನೇ ಎಂದು ಧೈರ್ಯ ತುಂಬಿದರು. ಮೇಷ್ಟ್ರುಗಳು ಸುಮ್ಮನಿರಲಿಲ್ಲ. ನಿಮಗೆ ಆಸ್ತಿಯಿದೆ, ಪದವಿಯಿದೆ, ಶಾಲೆ ಮುಳುಗಿದರೂ ನೀವು ಮುಳುಗುವುದಿಲ್ಲ, ನಾವು ಬೀದಿಗೆ ಬೀಳುತ್ತೇವೆ ಎಂಬರ್ಥದಲ್ಲಿ ಮುಖಕ್ಕೇ ಹೇಳಿಬಿಟ್ಟರು. ಅರೆಬರೆ ಓದಿದವರ ಈ ಮಾತಿಗೆ ಪಂಡಿತ ಲಾ ಸಾಲರಲ್ಲಿ ಉತ್ತರವಿರಲಿಲ್ಲ. 1683ರಲ್ಲಿ ಅವರು ಕ್ಯಾನನ್ ಪದವಿಗೆ ರಾಜೀನಾಮೆ ಕೊಟ್ಟರು. 1684–85ರ ಚಳಿಗಾಲದಲ್ಲಿ ಬರ ಬಿತ್ತು. ತಮ್ಮ ಹಣವನ್ನೆಲ್ಲ ಹಸಿದವರಿಗೆ ರೊಟ್ಟಿಯಾಗಿ ಹಂಚಿ ಮುಗಿಸಿದರು. ಆ ಹಣವನ್ನು ಶಾಲೆಗೇ ಇಡಬಹುದಿತ್ತಲ್ಲ ಎಂದು ನನಗೂ ಅನ್ನಿಸಿದ್ದುಂಟು. ಆದರೆ ಮೇಷ್ಟ್ರುಗಳ ಆಕ್ಷೇಪಕ್ಕೆ ಸಿಕ್ಕ ಜವಾಬು ಅದು: ಇನ್ನು ಮೇಲೆ ನಾನೂ ನಿಮ್ಮ ಪಂಕ್ತಿಯವನೇ.

ಆಮೇಲೆ ಅವರು ಕೊಟ್ಟ ಧೈರ್ಯದ ಮಾತಿಗೆ ತೂಕ ಬಂತು. ಮೇಷ್ಟ್ರುಗಳು ರಜೆಯಲ್ಲಿ ಧ್ಯಾನಕ್ಕೆ ಕೂರುವಾಗ ಓದಲೆಂದೇ 16 ಚಿಂತನೆಗಳನ್ನು ಬರೆದರು. ಹಳೆಯ ಒಡಂಬಡಿಕೆಯ ಯಾಕೋಬನ ಕನಸಿನ ಏಣಿಯಲ್ಲಿ ದೇವದೂತರು ಹತ್ತಿ ಇಳಿದಂತೆ ಮೇಷ್ಟ್ರು ಮಕ್ಕಳಿಗಾಗಿ ದೇವರ ಬಳಿಗೆ ಹತ್ತಬೇಕು, ಪಡೆದದ್ದನ್ನು ಹೊತ್ತು ಮಕ್ಕಳ ಬಳಿಗೆ ಇಳಿಯಬೇಕು ಎಂಬುದು ಅದರಲ್ಲೊಂದು. ದೇವರಿಗೆ ಲೆಕ್ಕ ಒಪ್ಪಿಸಬೇಕಾದ ಸಂಗತಿ ಬಂದು, ಕೊನೆಗೆ ಪ್ರತಿಫಲದ ಮಾತು ಬರುತ್ತದೆ. ಬರಿಯ ಧ್ಯಾನವಲ್ಲ, ಮೇಷ್ಟ್ರ ಗಂಟಲಿನ ಬಗ್ಗೆಯೂ ಯೋಚಿಸಿದವರು ಅವರು. ಅವರ ಶಾಲೆಗಳ ಕೈಪಿಡಿಯಲ್ಲಿ ಮರದ ಒಂದು ಚಿಕ್ಕ ಸಾಧನದ ವಿವರವಿದೆ. ಅದನ್ನು ಟಕ್ ಎನ್ನಿಸಿದರೆ ಸಾಕು, ಓದುತ್ತಿದ್ದ ಹುಡುಗ ನಿಲ್ಲುತ್ತಾನೆ. ದಿನವಿಡೀ ಕಿರುಚಬೇಕಿಲ್ಲ. ಓದು ಶುರುವಾಗುತ್ತಿದ್ದದ್ದೂ ಲ್ಯಾಟಿನ್‌ನಲ್ಲಲ್ಲ, ಮಕ್ಕಳಾಡುವ ಫ್ರೆಂಚಿನಲ್ಲಿ.

ಇಷ್ಟಾದರೂ ಮೇಷ್ಟ್ರುಗಳು ಬಿಟ್ಟು ಹೋಗುತ್ತಲೇ ಇದ್ದರು. 1691ರ ನವೆಂಬರ್ 21ರಂದು ಲಾ ಸಾಲರು, ಅವರ ಸಂಗಡಿಗರಾದ ನಿಕೊಲಾ ವ್ಯುಯಾರ್, ಗಾಬ್ರಿಯೆಲ್ ದ್ರೊಲಿನ್ ಮೂವರೇ ಸೇರಿ, ಬೇಡಿ ತಿನ್ನಬೇಕಾಗಿ ಬಂದರೂ ಈ ಕೆಲಸ ಬಿಡುವುದಿಲ್ಲವೆಂದು ಹರಕೆ ಹೊತ್ತರು. ವ್ಯುಯಾರ್ ಮುಂದೆ ಬೇರೆಯಾದರು. ಲಾ ಸಾಲರು 1719ರ ಶುಭ ಶುಕ್ರವಾರದಂದು ರುವಾನ್‌ನಲ್ಲಿ ತೀರಿಕೊಂಡರು. 1900ರಲ್ಲಿ ಸಂತ ಪದವಿ ಸಿಕ್ಕಿತು. 1950ರಲ್ಲಿ ಹನ್ನೆರಡನೆಯ ಪಿಯುಸ್ ಪೋಪ್ ಅವರನ್ನು ಶಿಕ್ಷಕರೆಲ್ಲರ ಪಾಲಕ ಸಂತರೆಂದು ಸಾರಿದರು.

ದ್ರೊಲಿನ್ ಕಥೆಯನ್ನು ಮಾತ್ರ ಬಿಡಲಾರೆ. 1702ರಲ್ಲಿ ಲಾ ಸಾಲರು ಅವರನ್ನು ರೋಮಿಗೆ ಕಳಿಸಿದರು. ಜೊತೆಗೆ ಬಂದವನು ಹಿಂದಿರುಗಿಬಿಟ್ಟ. ಭಾಷೆ ಬಾರದ ಊರಿನಲ್ಲಿ ಒಬ್ಬಂಟಿ ಮೇಷ್ಟ್ರು. ಫ್ರಾನ್ಸಿನಿಂದ ಲಾ ಸಾಲರ ಕಾಗದಗಳು ಬರುತ್ತಿದ್ದವು. ಅವುಗಳಲ್ಲಿ ಹಾರೈಕೆಯಿದೆ, ಗದರಿಕೆಯಿದೆ, ದುಡ್ಡಿನ ಲೆಕ್ಕವಿದೆ. ದ್ರೊಲಿನ್ ಆ ಕಾಗದಗಳನ್ನು ಎಸೆಯದೆ ಇಟ್ಟುಕೊಂಡರು. ಅವರು ಫ್ರಾನ್ಸಿಗೆ ಮರಳಿದ್ದು 1728ರಲ್ಲಿ, ಕಾಗದ ಬರೆದವರು ತೀರಿಕೊಂಡು ಒಂಬತ್ತು ವರ್ಷವಾದ ಮೇಲೆ.