ಸನ್‌ಸ್ಕ್ರೀನ್ ರಕ್ತಕ್ಕೆ ಸೇರುತ್ತಾ? ಸೇರಿದ್ರೆ ಏನಾಗುತ್ತೆ?

ಇವತ್ತಿನ ಮಾತು ಶುರುವಾಗಿದ್ದು ನಮ್ಮ ಅಕ್ಕನ ಫೋನಿಂದ.

ಅಕ್ಕ ಈಗ ಐದು ತಿಂಗಳ ಬಸುರಿ. ಕೆನ್ನೆ ಮೇಲೆ ಬಂಗು ಬಂದಿದೆ, ಡಾಕ್ಟರು ಸನ್‌ಸ್ಕ್ರೀನ್ ಹಚ್ಚೋಕೆ ಹೇಳಿದ್ದರು. ಮೊನ್ನೆ ರಾತ್ರಿ ಒಂದು ರೀಲ್ ಕಳಿಸಿ, ಹಿಂದೆಯೇ ಫೋನ್ ಮಾಡಿದಳು. "ಲೋ, ಇದು ರಕ್ತಕ್ಕೆ ಹೋಗುತ್ತಂತೆ ಕಣೋ. ನಾನು ಕಸದ ಬುಟ್ಟಿಗೆ ಹಾಕಿಬಿಟ್ಟೆ. ಮಗುಗೆ ಏನಾದ್ರೂ ಆಗಿದ್ರೆ?"

ನಾನು ಓದಿದ್ದು ಬಿ.ಕಾಂ. ಡಾಕ್ಟರ್ ಅಲ್ಲ. ಆದರೆ ಅವಳ ದನಿ ಕೇಳಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ, ಕೂತು ಓದಿದೆ.

ರೀಲ್ ಹೇಳಿದ್ದು ಪೂರ್ತಿ ಸುಳ್ಳಲ್ಲ. 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 24 ಜನರ ಮೇಲೆ ಒಂದು ಪರೀಕ್ಷೆ ಮಾಡಿತು. ಮೈಯ ಮುಕ್ಕಾಲು ಭಾಗಕ್ಕೆ, ದಿನಕ್ಕೆ ನಾಲ್ಕು ಸಲ, ನಾಲ್ಕು ದಿನ ಸನ್‌ಸ್ಕ್ರೀನ್ ಹಚ್ಚಿದರು. ಎವೊಬೆಂಝೋನ್, ಆಕ್ಸಿಬೆಂಝೋನ್, ಆಕ್ಟೋಕ್ರಿಲಿನ್ ಥರದ ರಾಸಾಯನಿಕಗಳು ರಕ್ತದಲ್ಲಿ ಕಾಣಿಸಿಕೊಂಡವು. ಒಂದು ಮಿಲಿಲೀಟರಿಗೆ 0.5 ನ್ಯಾನೋಗ್ರಾಂ ಅನ್ನೋ ಗೆರೆಯನ್ನೂ ದಾಟಿದವು. 2020ರಲ್ಲಿ 48 ಜನರ ಮೇಲೆ ಮತ್ತೆ ನೋಡಿದಾಗ, ಒಂದೇ ಸಲ ಹಚ್ಚಿದರೂ ಗೆರೆ ದಾಟಿತ್ತು.

ರೀಲ್ ನಿಲ್ಲೋದು ಇಲ್ಲಿ. ಆದರೆ ಆ ಗೆರೆ ಏನು ಅಂತ ಅದು ಹೇಳಲ್ಲ. ಅದು "ಇದರ ಮೇಲೆ ವಿಷ" ಅನ್ನೋ ಗೆರೆ ಅಲ್ಲ. ಅದನ್ನ ದಾಟಿದರೆ, ಕ್ಯಾನ್ಸರ್, ಹಾರ್ಮೋನ್, ಗರ್ಭದ ಮೇಲಿನ ಪರಿಣಾಮ ಇವನ್ನೆಲ್ಲ ಪರೀಕ್ಷಿಸದೆ ಬಿಡೋ ಹಾಗಿಲ್ಲ ಅಂತ ಅರ್ಥ. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಆಡಿಟ್ ಆಗಬೇಕು ಅಂತ ನೋಟಿಸ್ ಬಂದಿದೆ. ಮೋಸ ಸಾಬೀತಾಗಿಲ್ಲ. ಹಾಗಂತ ಲೆಕ್ಕ ಸರಿ ಇದೆ ಅಂತಲೂ ಯಾರೂ ಸಹಿ ಹಾಕಿಲ್ಲ.

2019ರಲ್ಲೇ ಎಫ್‌ಡಿಎ ಒಂದು ಪಟ್ಟಿ ಮುಂದಿಟ್ಟಿತು. ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಎರಡೂ ಸುರಕ್ಷಿತ. ಇನ್ನು 12 ರಾಸಾಯನಿಕಗಳಿಗೆ ಹೆಚ್ಚಿನ ಮಾಹಿತಿ ಬೇಕು. ಜೊತೆಗೆ, ಸನ್‌ಸ್ಕ್ರೀನ್ ಬಿಡಬೇಡಿ ಅಂತಲೂ ಹೇಳಿತು.

ಹನ್ನೆರಡರಲ್ಲಿ ಹೆಚ್ಚು ಅನುಮಾನ ಇರೋದು ಆಕ್ಸಿಬೆಂಝೋನ್ ಮೇಲೆ. ಅದನ್ನ ಇಲಿಗಳಿಗೆ ದೊಡ್ಡ ಪ್ರಮಾಣದಲ್ಲಿ ತಿನ್ನಿಸಿದಾಗ ಹಾರ್ಮೋನ್ ಥರದ ಪರಿಣಾಮ ಕಂಡಿತ್ತು. ತಿನ್ನೋದೂ ಹಚ್ಚೋದೂ ಒಂದೇ ಅಲ್ಲ, ನಿಜ. ಆದರೂ ಯುರೋಪಿಯನ್ ಒಕ್ಕೂಟ 2022ರಲ್ಲಿ ಮಿತಿ ಬಿಗಿ ಮಾಡಿತು: ಮುಖದ ಕ್ರೀಮಿನಲ್ಲಿ 6%, ಮೈಗೆಲ್ಲ ಹಚ್ಚೋದರಲ್ಲಿ 2.2%.

ಸರಿ, ನಾವೇನು ಮಾಡೋದು? ಬಾಟಲಿ ಹಿಂದೆ ತಿರುಗಿಸಿ ಓದಿ. ಬೆಂಝೋಫಿನೋನ್-3 ಅಂತಿದ್ರೆ ಅದೂ ಆಕ್ಸಿಬೆಂಝೋನೇ. ಬಸುರಿಯರು, ಚಿಕ್ಕ ಮಕ್ಕಳಿರೋರು ಡಾಕ್ಟರನ್ನ ಕೇಳಿ ಜಿಂಕ್ ಇರೋದಕ್ಕೆ ಬದಲಾಯಿಸಬಹುದು. ಮಧ್ಯಾಹ್ನದ ಬಿಸಿಲಿಗೆ ಕೊಡೆ, ತುಂಬು ತೋಳಿನ ಬಟ್ಟೆ ಇದ್ರೆ ಹಚ್ಚಬೇಕಾದ ಜಾಗವೇ ಕಡಿಮೆ ಆಗುತ್ತೆ. ಆದರೆ ಹೆದರಿ ಬರೀ ಮುಖದಲ್ಲಿ ಬಿಸಿಲಿಗೆ ಹೋಗಬೇಡಿ. ಬಿಸಿಲಿನ ಯುವಿ ಕಿರಣ ಕ್ಯಾನ್ಸರ್ ತರುತ್ತೆ ಅನ್ನೋದು ಅನುಮಾನ ಅಲ್ಲ, ಸಾಬೀತಾಗಿರೋ ವಿಷಯ. ಬಿಸಿಲಿಗೆ ಬಂಗೂ ಜಾಸ್ತಿ ಆಗುತ್ತೆ.

ಅಕ್ಕ ಬುಟ್ಟಿಯಿಂದ ಬಾಟಲಿ ತೆಗೆದು ಓದಿದಳು. ಆಕ್ಸಿಬೆಂಝೋನ್ ಇತ್ತು. ಬಾಟಲಿ ಸಮೇತ ಡಾಕ್ಟರ ಹತ್ತಿರ ಹೋದಳು. ಇಷ್ಟು ದಿನ ಹಚ್ಚಿದ್ದಕ್ಕೆ ಗಾಬರಿ ಬೇಡ ಅಂದ ಅವರು, ಜಿಂಕ್ ಇರೋದನ್ನ ಬರೆದುಕೊಟ್ಟರು. ಈಗ ಅವಳದು ಬೇರೆ ದೂರು: "ಹಚ್ಚಿದ್ರೆ ಹಿಟ್ಟಿನ ಗಿರಣಿಯಿಂದ ಬಂದೋಳ ಥರ ಕಾಣ್ತೀನಿ ಕಣೋ."

ಆ ದೂರಿಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ರಾತ್ರಿ ನಿದ್ದೆ ಮಾಡ್ತಿದ್ದಾಳೆ.

ನಿಮ್ಮ ಮನೆ ಬಾಟಲಿ ಹಿಂದೆ ಏನಿದೆ, ನೋಡಿ ಹೇಳಿ. ಮುಂದಿನ ವಾರ ಸಿಗೋಣ.